ನಮ್ಮನ್ನು ‘ಸಿಸ್ಟರ್’ ಅಂತ ಯಾಕೆ ಕರೆಯುತ್ತಾರೆ? ಗೊತ್ತಿದ್ದವರು ಬರೆಯಿರಿ

ರಾತ್ರಿ ಪಾಳಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಮೆಡಿಕಲ್ ವಾರ್ಡಿನ ಸ್ಟಾಫ್ ನರ್ಸ್. ಮೊನ್ನೆ ಒಬ್ಬ ರೋಗಿಯ ಕಡೆಯವರು ಕೇಳಿದರು, “ಮೇಡಂ, ನೀವು ಹಣೆಗೆ ವಿಭೂತಿ ಹಚ್ಚಿದ್ದೀರಿ. ಆದರೂ ನಿಮ್ಮನ್ನು ಸಿಸ್ಟರ್ ಅಂತಾರಲ್ಲ, ಅದು ಚರ್ಚಿನ ಮಾತಲ್ವಾ?” ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ನಮ್ಮ ಜೊತೆ ಕೆಲಸ ಮಾಡುವವರಲ್ಲಿ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ. ಓದಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಹೌದು, ಅದು ಚರ್ಚಿನ ಮಾತೇ. ಯುರೋಪಿನ ಹಳೆಯ ಆಸ್ಪತ್ರೆಗಳು ಹೆಚ್ಚಿನವು ಮಠಗಳ ಜೊತೆಗೇ ಹುಟ್ಟಿದವು. ಪ್ಯಾರಿಸ್‌ನ ‘ಓತೆಲ್ ದ್ಯೂ’ ಆಸ್ಪತ್ರೆಯ ಹೆಸರಿಗೆ ದೇವರ ಮನೆ ಎಂದೇ ಅರ್ಥ. ಅಲ್ಲಿ ಅಗಸ್ಟಿನಿಯನ್ ಸನ್ಯಾಸಿನಿಯರು ನೂರಾರು ವರ್ಷ ರೋಗಿಗಳನ್ನು ನೋಡಿಕೊಂಡರು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆ 1123ರಲ್ಲಿ ಶುರುವಾಯಿತು, ಅದೂ ಮಠದ ಜೊತೆಗೇ. ಅಲ್ಲಿ ಆರೈಕೆ ಮಾಡುತ್ತಿದ್ದ ಹೆಂಗಸರು ದೇವರಿಗೆ ಮಾತು ಕೊಟ್ಟು ಬಂದವರು. ಒಂದೇ ಮನೆಯಲ್ಲಿ, ಒಂದೇ ನಿಯಮದಲ್ಲಿ ಬಾಳುವವರು ಒಬ್ಬರಿಗೊಬ್ಬರು ಸಿಸ್ಟರ್ ಆದರು.

ಆಮೇಲೆ ರಾಜ ಎಂಟನೇ ಹೆನ್ರಿ ಬಂದ. 1536ರಿಂದ 1540ರ ಒಳಗೆ ಇಂಗ್ಲೆಂಡಿನ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿ ತೆಗೆದುಕೊಂಡ. ರೋಗಿಗಳು ಬೀದಿಗೆ ಬಿದ್ದರು. ಕೊನೆಗೆ ಬಾರ್ತಲೋಮ್ಯೂ ಆಸ್ಪತ್ರೆಯನ್ನು ಲಂಡನ್ ನಗರದ ಕೈಗೆ ಕೊಟ್ಟರು. ಮಠದ ಹೆಂಗಸರು ಹೋಗಿ ಸಂಬಳದ ಹೆಂಗಸರು ಬಂದರು. ಅವರನ್ನೂ ಸಿಸ್ಟರ್ ಅಂತಲೇ ಕರೆದರು. ಮಠ ಹೋಯಿತು, ಹೆಸರು ಮಾತ್ರ ಉಳಿಯಿತು. ಅದೇ ಹೆಸರು ಬ್ರಿಟಿಷರ ಜೊತೆ ಹಡಗು ಹತ್ತಿ ಇಲ್ಲಿಗೆ ಬಂತು. 1888ರಲ್ಲಿ ಸೈನ್ಯದ ಆಸ್ಪತ್ರೆಗಳಿಗೆ ಅಂತ ಮುಂಬಯಿಗೆ ಬಂದಿಳಿದ ಬ್ರಿಟಿಷ್ ನರ್ಸ್‌ಗಳಿಗೆ ‘ನರ್ಸಿಂಗ್ ಸಿಸ್ಟರ್’ ಎಂಬುದೇ ಪದನಾಮ.

ಉಳಿದ ಹೆಸರುಗಳ ಕಥೆ ಏನು? ಮೇಟ್ರನ್, ಬ್ರದರ್, ನಮ್ಮ ಕನ್ನಡದ ಶುಶ್ರೂಷಕಿ? ತಿಳಿದವರು ಹೇಳಿ.

ಚನ್ನಗಿರಿ 77

ಮೇಡಂ, ಹಾಗಾದರೆ ಬಿಟ್ಟುಬಿಡಿ ಆ ಹೆಸರನ್ನು. ನಮ್ಮದಲ್ಲದ್ದು ನಮಗೆ ಯಾಕೆ? ಸರ್ಕಾರದ ಕಾಗದದಲ್ಲಿ ಈಗ ಶುಶ್ರೂಷಾಧಿಕಾರಿ ಅಂತ ಬಂದಿದೆ. ಅದು ಯಾವ ಧರ್ಮಕ್ಕೂ ಸೇರಿದ್ದಲ್ಲ. ಅದನ್ನೇ ಬಳಸಬಹುದು.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಚನ್ನಗಿರಿಯವರೇ, ಶುಶ್ರೂಷೆ ಕೂಡ ಮಠದಿಂದಲೇ ಬಂದ ಮಾತು. ನಮ್ಮ ಮಠ, ಅಷ್ಟೇ ವ್ಯತ್ಯಾಸ. ಶುಶ್ರೂಷೆ ಅಂದರೆ ಮೂಲದಲ್ಲಿ ಕೇಳುವ ಆಸೆ. ಶಿಷ್ಯ ಗುರುವಿನ ಮಾತು ಕೇಳಬೇಕು ಅಂತ ಅವನ ಹತ್ತಿರ ಇರುತ್ತಾನೆ, ನೀರು ತರುತ್ತಾನೆ, ಕಾಲು ಒತ್ತುತ್ತಾನೆ. ಆ ಗುರುಶುಶ್ರೂಷೆಯೇ ಬರುಬರುತ್ತಾ ರೋಗಿಯ ಶುಶ್ರೂಷೆಯಾಯಿತು. ಪರಿಚಾರಕ ಎಂಬ ಮಾತೂ ಹಾಗೇ. ಇವತ್ತಿಗೂ ದೇವಸ್ಥಾನಗಳಲ್ಲಿ ಅರ್ಚಕರ ಜೊತೆ ಪರಿಚಾರಕರು ಇರುತ್ತಾರೆ, ಆಸ್ಪತ್ರೆಯ ಹಳೆಯ ಕನ್ನಡದಲ್ಲೂ ಪರಿಚಾರಕಿ ಇದ್ದಾಳೆ.

ಧರ್ಮದ ಸೋಂಕಿಲ್ಲದ ಹೆಸರು ಬೇಕು ಅಂದರೆ ಚರಕ ಸಂಹಿತೆಗೆ ಹೋಗಬೇಕು. ಚಿಕಿತ್ಸೆಗೆ ನಾಲ್ಕು ಕಾಲು ಅಂತ ಅಲ್ಲಿ ಹೇಳಿದೆ: ವೈದ್ಯ, ಔಷಧ, ಉಪಸ್ಥಾತ, ರೋಗಿ. ಉಪಸ್ಥಾತ ಅಂದರೆ ಪಕ್ಕದಲ್ಲಿ ನಿಂತು ನೋಡಿಕೊಳ್ಳುವವನು. ಅವನಿಗೆ ಇರಬೇಕಾದ ನಾಲ್ಕು ಗುಣಗಳನ್ನೂ ಹೇಳಿದ್ದಾರೆ. ಆರೈಕೆಯ ಕೆಲಸ ಗೊತ್ತಿರಬೇಕು, ಕೈ ಚುರುಕಿರಬೇಕು, ರೋಗಿಯ ಮೇಲೆ ಪ್ರೀತಿ ಇರಬೇಕು, ಶುಚಿ ಇರಬೇಕು. ಮೊದಲು ಹೇಳಿದ್ದು ತಿಳಿವಳಿಕೆಯನ್ನು, ಪ್ರೀತಿ ಆಮೇಲೆ ಬಂತು. ನನಗೆ ಈ ಕ್ರಮ ಬಹಳ ಇಷ್ಟ.

ಇನ್ನು ‘ಸಿಸ್ಟರ್’ ವಿಷಯ. ನಮ್ಮ ಶರಣರು ಏನು ಮಾಡಿದರು ಸ್ವಲ್ಪ ಯೋಚಿಸಿ. ಬಸವಣ್ಣ, ಚೆನ್ನಬಸವಣ್ಣ, ಅಕ್ಕ ನಾಗಮ್ಮ, ಅಕ್ಕ ಮಹಾದೇವಿ. ಮಹಾದೇವಿ ಉಡುತಡಿಯವಳು, ಕಲ್ಯಾಣದಲ್ಲಿ ಅವಳಿಗೆ ಒಡಹುಟ್ಟಿದವರು ಯಾರೂ ಇರಲಿಲ್ಲ. ಆದರೂ ಎಲ್ಲರಿಗೂ ಅಕ್ಕ ಆದಳು. ಜಾತಿ, ಕುಲ, ಮನೆತನ ಬಿಟ್ಟು ಬಂದವರಿಗೆ ಹೊಸ ನಂಟು ಬೇಕಾಗಿತ್ತು. ಇಂಗ್ಲೆಂಡಿನ ಮಠದಲ್ಲೂ ಕಲ್ಯಾಣದಲ್ಲೂ ಮನುಷ್ಯರಿಗೆ ಹೊಳೆದದ್ದು ಅದೇ ಮಾತು. ಹಾಗಾಗಿ ಸಿಸ್ಟರ್ ಪರಕೀಯ ಅಂತ ನನಗೆ ಅನ್ನಿಸುವುದಿಲ್ಲ.

ಬೆಣ್ಣೆದೋಸೆ

ನಮ್ಮ ತಾಯಿ ಆಸ್ಪತ್ರೆಯಲ್ಲಿ ಇದ್ದಾಗ ಎಲ್ಲರನ್ನೂ ‘ನರ್ಸಮ್ಮ’ ಅಂತಲೇ ಕರೆಯುತ್ತಿದ್ದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಹರಿಹರದ ಸಿಸ್ಟರ್

ನಾನು ಕ್ಯಾಥೊಲಿಕ್ ಸಭೆಯ, ಅಂದರೆ ಸನ್ಯಾಸಿನಿಯರ ಸಂಘದ, ಸನ್ಯಾಸಿನಿ, ಕಲಿತದ್ದು ನರ್ಸಿಂಗ್. ರಾತ್ರಿ ಪಾಳಿಯವರೇ, ಬಹಳ ಒಳ್ಳೆಯ ಪ್ರಶ್ನೆ. ನನಗೆ ತಿಳಿದದ್ದನ್ನು ಸೇರಿಸುತ್ತೇನೆ.

ಬೈಬಲ್ಲಿನಲ್ಲಿ ಸಂತ ಪೌಲ ರೋಮಿನವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ಫೀಬೆ ಎಂಬ ಹೆಂಗಸಿನ ಹೆಸರಿನಿಂದ ಶುರುವಾಗುತ್ತದೆ. ಅವಳು ಕೊರಿಂಥದ ಬಂದರು ಕೆಂಕ್ರೆಯವಳು. ಪೌಲ ಅವಳನ್ನು ನಮ್ಮ ಸಹೋದರಿ ಅನ್ನುತ್ತಾನೆ, ಅಲ್ಲಿನ ಕ್ರೈಸ್ತ ಸಭೆಯ ಸೇವಕಿ ಅಂತಲೂ ಅನ್ನುತ್ತಾನೆ. ಗ್ರೀಕಿನಲ್ಲಿ ಆ ಸೇವಕಿಗೆ ಇರುವ ಮಾತೇ ಮುಂದೆ ‘ಡೀಕನೆಸ್’, ಅಂದರೆ ಚರ್ಚಿನ ಸೇವೆಗೆ ನಿಂತ ಹೆಂಗಸು, ಆಯಿತು. ನರ್ಸಿಂಗಿನ ಎರಡು ದೊಡ್ಡ ಹೆಸರುಗಳು ಒಂದೇ ವಾಕ್ಯದಲ್ಲಿ ಸಿಗುತ್ತವೆ. ಆಮೇಲೆ ನಾಲ್ಕನೇ ಶತಮಾನದ ಕೊನೆಯಲ್ಲಿ ಫಬಿಯೋಲಾ ಎಂಬ ಶ್ರೀಮಂತ ವಿಧವೆ ರೋಮಿನಲ್ಲಿ ಆಸ್ಪತ್ರೆ ಕಟ್ಟಿಸಿದಳು. ಬೀದಿಯಲ್ಲಿ ಬಿದ್ದ ರೋಗಿಗಳನ್ನು ತಾನೇ ಎತ್ತಿ ತರುತ್ತಿದ್ದಳು, ಯಾರೂ ನೋಡಲು ಹೇಸುವ ಹುಣ್ಣುಗಳನ್ನು ತಾನೇ ತೊಳೆಯುತ್ತಿದ್ದಳು ಅಂತ ಸಂತ ಜೆರೋಮ್ ಬರೆದಿಟ್ಟಿದ್ದಾರೆ.

ಒಂದು ಮಾತು ಜನಕ್ಕೆ ಗೊತ್ತಿಲ್ಲ. ಸನ್ಯಾಸಿನಿಯರಿಗೆ ಹೊರಗೆ ಹೋಗಿ ಆರೈಕೆ ಮಾಡುವುದು ಸುಲಭ ಇರಲಿಲ್ಲ. 1566ರಲ್ಲಿ ಪೋಪ್ ಐದನೇ ಪಯಸ್ ಅವರು ವ್ರತ ತೊಟ್ಟ ಹೆಂಗಸರು ಮಠದ ಗೋಡೆ ದಾಟಬಾರದು ಅಂತ ಕಟ್ಟುನಿಟ್ಟು ಮಾಡಿದರು. ಹಾಗಾದರೆ ಗಲ್ಲಿಯಲ್ಲಿ ಮಲಗಿದ ರೋಗಿಯ ಗತಿ? ಫ್ರಾನ್ಸಿನಲ್ಲಿ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮರಿಯಾಕ್ 1633ರಲ್ಲಿ ಹೊಸ ದಾರಿ ಕಂಡುಕೊಂಡರು. ತಮ್ಮ ಹುಡುಗಿಯರನ್ನು ಸನ್ಯಾಸಿನಿಯರು ಅಂತ ಕರೆಯಲೇ ಇಲ್ಲ, ‘ಡಾಟರ್ಸ್ ಆಫ್ ಚಾರಿಟಿ’ ಅಂದರು. ನಿಮ್ಮ ಮಠ ಅಂದರೆ ರೋಗಿಗಳ ಮನೆ, ನಿಮ್ಮ ಅಂಗಳ ಅಂದರೆ ಊರಿನ ಬೀದಿ ಎಂಬ ಅರ್ಥದಲ್ಲಿ ವಿನ್ಸೆಂಟ್ ಅವರಿಗೆ ಹೇಳಿದರು. ಹಳ್ಳಿಯ ರೈತರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಗಂಜಿ, ಔಷಧ ಹಿಡಿದುಕೊಂಡು ಮನೆಮನೆಗೆ ಹೋದರು.

ಇನ್ನೊಂದು ಕಹಿ ವಿಷಯವನ್ನೂ ಹೇಳಬೇಕು. ನಮ್ಮ ಸಭೆಗಳ ಸಿಸ್ಟರ್‌ಗಳು ಹೆರಿಗೆ ಮಾಡಿಸುವ ಹಾಗೆ ಇರಲಿಲ್ಲ, ಚರ್ಚಿನ ನಿಯಮ ಬಿಡುತ್ತಿರಲಿಲ್ಲ. ಗಂಡಸು ವೈದ್ಯರ ಎದುರು ಬರಲು ಒಪ್ಪದ ತಾಯಂದಿರು ನಮ್ಮ ದೇಶದಲ್ಲಿ ಎಷ್ಟು ಜನ ಇದ್ದರು! ಆಗ್ನೆಸ್ ಮೆಕ್‌ಲಾರನ್ ಎಂಬ ಸ್ಕಾಟ್ಲೆಂಡಿನ ವೈದ್ಯೆ ಇದಕ್ಕಾಗಿ ರೋಮಿಗೆ ಮತ್ತೆ ಮತ್ತೆ ಮನವಿ ಮಾಡಿದರು. ಅವರು ತೋರಿದ ದಾರಿಯಲ್ಲಿ ಆನ್ನಾ ಡೆಂಗೆಲ್ ರಾವಲ್ಪಿಂಡಿಯಲ್ಲಿ ವೈದ್ಯೆಯಾಗಿ ದುಡಿದು, 1925ರಲ್ಲಿ ಮೆಡಿಕಲ್ ಮಿಷನ್ ಸಿಸ್ಟರ್ಸ್ ಸಭೆ ಕಟ್ಟಿದರು. 1936ರಲ್ಲಿ ಕೊನೆಗೂ ಅನುಮತಿ ಬಂತು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಿಸ್ಟರ್‌ಗಳು ಶುರುಮಾಡಿದ್ದು 1886ರಲ್ಲಿ. ನಡುವಿನ ಆ 50 ವರ್ಷದಲ್ಲಿ ಎಷ್ಟು ತಾಯಂದಿರು ಇಂಥ ಕೈಗಳಿಂದ ದೂರ ಉಳಿದರೋ ಅನ್ನಿಸಿದಾಗ ಸಂಕಟವಾಗುತ್ತದೆ.

ಚನ್ನಗಿರಿ 77

ಸಿಸ್ಟರ್, ಇದನ್ನು ನೀವೇ ಬರೆದದ್ದಕ್ಕೆ ಧನ್ಯವಾದ. ಆದರೆ ಹೆರಿಗೆಗೆ ನಮ್ಮಲ್ಲಿ ಸೂಲಗಿತ್ತಿಯರು ಇದ್ದರು. ಪಾವಗಡದ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆ ಮಾಡಿಸಿದರು, ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಸೂಲಗಿತ್ತಿ ಎಂಬ ಮಾತಿನಲ್ಲಿ ಯಾವ ದೇವರೂ ಇಲ್ಲ, ಕೆಲಸ ಮಾತ್ರ ಇದೆ. ಅಂಥ ಹೆಸರು ಚೆನ್ನ ಅನ್ನುವುದು ನನ್ನ ಮಾತು.

ಬ್ರದರ್, ಜಗಳೂರು

ನಮ್ಮನ್ನು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ. ನಾನು ಗಂಡು ನರ್ಸ್, ವಾರ್ಡಿನಲ್ಲಿ ಎಲ್ಲರೂ ಬ್ರದರ್ ಅಂತಾರೆ. ಸಿಸ್ಟರ್‌ಗೆ ಜೋಡಿಯಾಗಿ ಸುಮ್ನೆ ಹುಟ್ಟಿಸಿದ ಹೆಸರು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಯುರೋಪಿನಲ್ಲಿ ರೋಗಿಗಳನ್ನು ನೋಡಿಕೊಂಡ ಬ್ರದರ್‌ಗಳೂ ಅಷ್ಟೇ ಹಳಬರು.

ಸ್ಪೇನಿನ ಗ್ರನಾಡಾದಲ್ಲಿ ಜಾನ್ ಆಫ್ ಗಾಡ್ ಎಂಬುವರು ಇದ್ದರು. ಮೊದಲು ಕುರಿ ಕಾಯುತ್ತಿದ್ದರು, ಆಮೇಲೆ ಸೈನಿಕ, ಆಮೇಲೆ ಪುಸ್ತಕ ಮಾರುವವರು. ಒಂದು ಪ್ರವಚನ ಕೇಳಿ ಮನಸ್ಸು ಕದಡಿ ಬೀದಿಯಲ್ಲಿ ಅಳುತ್ತಾ ತಿರುಗಿದಾಗ ಜನ ಹುಚ್ಚು ಅಂತ ಆಸ್ಪತ್ರೆಗೆ ಹಾಕಿದರು. ಆಗ ಹುಚ್ಚಿಗೆ ಚಿಕಿತ್ಸೆ ಅಂದರೆ ಕಟ್ಟಿಹಾಕಿ ಚಾಟಿಯಿಂದ ಹೊಡೆಯುವುದು. ಅದನ್ನು ಮೈಮೇಲೆ ಅನುಭವಿಸಿದವರು ಹೊರಗೆ ಬಂದು ರೋಗಿಗಳಿಗೆ ಮನೆ ಮಾಡಿದರು. ಅವರ ಹಿಂದೆ ಬಂದವರು ‘ಹಾಸ್ಪಿಟಲರ್ ಬ್ರದರ್ಸ್’ ಆದರು. ಇಟಲಿಯ ಕಮಿಲಸ್ ಡಿ ಲೆಲ್ಲಿಸ್ ಇನ್ನೊಬ್ಬರು. ಅವರೂ ಸೈನಿಕ, ಜೂಜುಕೋರ, ಕಾಲಿನಲ್ಲಿ ವಾಸಿಯಾಗದ ಹುಣ್ಣು. ತಾನೇ ರೋಗಿಯಾಗಿ ಆಸ್ಪತ್ರೆಯಲ್ಲಿ ಬಿದ್ದು ಅಲ್ಲಿನ ಕೂಲಿಯಾಳುಗಳ ಕ್ರೌರ್ಯ ನೋಡಿ ತಮ್ಮದೇ ಪಂಥ ಕಟ್ಟಿದರು. ಅವರ ಜನ ಎದೆಯ ಮೇಲೆ ಕೆಂಪು ಶಿಲುಬೆ ಹೊಲಿದುಕೊಂಡು ಪ್ಲೇಗಿನ ಮನೆಗಳಿಗೆ ಹೋಗುತ್ತಿದ್ದರು. ಅದು 1580ರ ದಶಕ, ರೆಡ್ ಕ್ರಾಸ್ ಸಂಸ್ಥೆ ಹುಟ್ಟಲು ಇನ್ನೂ ಸುಮಾರು 280 ವರ್ಷ ಇತ್ತು.

ಇಷ್ಟು ದೊಡ್ಡ ಪರಂಪರೆ ಇದ್ದರೂ ಬ್ರಿಟನ್ನಿನಲ್ಲಿ ನರ್ಸ್‌ಗಳ ನೋಂದಣಿಗೆ 1919ರ ಕಾನೂನು ಬಂದಾಗ ಗಂಡು ನರ್ಸ್‌ಗಳನ್ನು ಮುಖ್ಯ ರಿಜಿಸ್ಟರಿನಲ್ಲಿ ಸೇರಿಸಲಿಲ್ಲ, ಬೇರೆ ಪಟ್ಟಿಗೆ ಹಾಕಿದರು. 1949ರಲ್ಲಿ ಒಂದು ಮಾಡಿದರು. ಹೆಂಗಸರ ಕೆಲಸ ಎಂಬ ಆ ಭಾವನೆ ಅಲ್ಲಿಂದ ಇಲ್ಲಿಗೂ ಬಂತು. ನಾನು ಕೋರ್ಸಿಗೆ ಸೇರಿದಾಗ ಊರಿನಲ್ಲಿ ಕೇಳಿದ ಮಾತುಗಳು ಇನ್ನೂ ಕಿವಿಯಲ್ಲಿವೆ.

ಜಿಎನ್‌ಎಂ ಎರಡನೇ ವರ್ಷ

ಬ್ರದರ್, ನಮ್ಮ ನರ್ಸಿಂಗ್ ಡಿಪ್ಲೊಮಾ ಬ್ಯಾಚಿನಲ್ಲಿ ಗಂಡು ಹುಡುಗರು ಚೆನ್ನಾಗಿಯೇ ಇದ್ದಾರೆ, ಈಗ ಅಷ್ಟು ಆಡಿಕೊಳ್ಳುವುದಿಲ್ಲ. ನನ್ನದೊಂದು ಪ್ರಶ್ನೆ. ನಮಗೆ ಮೊದಲ ವರ್ಷ ದೀಪ ಹಚ್ಚುವ ಕಾರ್ಯಕ್ರಮ ಮಾಡಿದರು. ಬಿಳಿ ಯೂನಿಫಾರ್ಮ್, ಕೈಯಲ್ಲಿ ದೀಪ, ಎಲ್ಲರೂ ಸೇರಿ ಪ್ರತಿಜ್ಞೆ. ಅಪ್ಪ ಅಮ್ಮ ಹೊನ್ನಾಳಿಯಿಂದ ಬಂದಿದ್ದರು, ಅಮ್ಮ ಅತ್ತುಬಿಟ್ಟರು. ಅದೂ ಚರ್ಚಿನಿಂದಲೇ ಬಂದದ್ದಾ?

ನಿವೃತ್ತ ಮೇಟ್ರನ್

ಮಗಳೇ, ದೀಪ ಹೊಸ ಕಾಲದ ನರ್ಸಿಂಗಿಗೆ ತಳಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರದ್ದು. ಕ್ರಿಮಿಯಾ ಯುದ್ಧದಲ್ಲಿ ರಾತ್ರಿ ದೀಪ ಹಿಡಿದು ವಾರ್ಡ್ ಸುತ್ತುತ್ತಿದ್ದರಲ್ಲ, ಅದರ ನೆನಪು. ಪ್ರತಿಜ್ಞೆಗೆ ಅವರ ಹೆಸರಿದ್ದರೂ ಬರೆದದ್ದು ಅವರಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಒಂದು ನರ್ಸಿಂಗ್ ಶಾಲೆಯಲ್ಲಿ ಲಿಸ್ಟ್ರಾ ಗ್ರೆಟರ್ ಮುಂದೆ ನಿಂತು ಮಾಡಿಸಿದ್ದು. ದೇವರ ಎದುರು ಮಾತು ಕೊಡುತ್ತೇನೆ ಎಂದೇ ಅದು ಶುರುವಾಗುತ್ತದೆ. ಹೊಸಬರಿಗೆ ಬಟ್ಟೆ ಕೊಟ್ಟು, ತಲೆಗೆ ಟೋಪಿ ಇಟ್ಟು ಒಳಗೆ ಸೇರಿಸಿಕೊಳ್ಳುವ ಪದ್ಧತಿ ಮಠದಲ್ಲಿ ದೀಕ್ಷೆ ಕೊಡುವ ರೀತಿಯದ್ದೇ. ನಮ್ಮ ಕಾಲದ ಆ ಗಂಜಿ ಹಾಕಿದ ಬಿಳಿ ಟೋಪಿ ಸನ್ಯಾಸಿನಿಯರ ತಲೆವಸ್ತ್ರದಿಂದ ಬಂದದ್ದು ಅಂತಾರೆ.

ಮೇಟ್ರನ್ ಮಾತ್ರ ಮಠದ ಹೆಸರಲ್ಲ. ಲ್ಯಾಟಿನ್ನಿನಲ್ಲಿ ಸಂಸಾರಸ್ಥ ಹೆಂಗಸು, ಮನೆಯೊಡತಿ ಎಂಬ ಅರ್ಥ. ಮಠದಲ್ಲಿ ಮೇಲಿದ್ದವಳು ಮದರ್ ಅಥವಾ ಪ್ರಯೊರೆಸ್. ಲಂಡನ್ನಿನ ಆಸ್ಪತ್ರೆಗಳು ನಗರದ ಕೈಗೆ ಬಂದಾಗ ಮೇಲ್ವಿಚಾರಣೆಗೆ ಮೇಟ್ರನ್ ಬಂದಳು, ಕೆಳಗೆ ಸಿಸ್ಟರ್‌ಗಳು ಉಳಿದರು. ಸಂಸಾರಿಯ ಹೆಸರು ಮೇಲೆ, ಸನ್ಯಾಸಿಯ ಹೆಸರು ಕೆಳಗೆ. ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ಸಿಸ್ಟರ್ ಆದವಳಿಗೆ ವಾರ್ಡಿನ ಹೆಸರೇ ಹೆಸರಾಗುತ್ತಿತ್ತು, ಅವಳ ಸ್ವಂತ ಹೆಸರು ಯಾರೂ ಕರೆಯುತ್ತಿರಲಿಲ್ಲ. ದೀಕ್ಷೆ ತೆಗೆದುಕೊಂಡಾಗ ಹಳೆಯ ಹೆಸರು ಬಿಡುವುದು ಮಠದ ರೂಢಿ ಅಲ್ವಾ?

ಹಳೆಯ ಚಿತ್ರದುರ್ಗ ಜಿಲ್ಲೆಯಲ್ಲಿ, ಅಂದರೆ 1997ರಲ್ಲಿ ದಾವಣಗೆರೆ ಬೇರೆಯಾಗುವುದಕ್ಕೂ ಬಹಳ ಮುಂಚೆ, ನಾನು ಕೆಲಸಕ್ಕೆ ಸೇರಿದೆ. ನಮ್ಮಲ್ಲಿ ಮಂಗಳೂರು ಕಡೆಯವರು, ಕೇರಳದವರು ಜಾಸ್ತಿ. ನಮ್ಮ ಕಡೆ ಹೆಣ್ಣುಮಕ್ಕಳನ್ನು ನರ್ಸಿಂಗಿಗೆ ಕಳಿಸುತ್ತಿರಲಿಲ್ಲ. ಕಂಡವರ ಹೇಲು ಉಚ್ಚೆ ತೆಗೆಯುವ ಕೆಲಸ, ರಾತ್ರಿ ಮನೆಯ ಹೊರಗೆ ಇರುವ ಕೆಲಸ ಅಂತ. ಬಾಡಿಗೆ ಮನೆ ಕೊಡಲು ಹಿಂದೆ ಮುಂದೆ ನೋಡುತ್ತಿದ್ದರು. ನನಗೆ ಗಂಡು ನೋಡುವಾಗ ಬಂದ ಒಬ್ಬರು ಕೆಲಸ ಯಾವುದು ಅಂತ ಕೇಳಿ ಕಾಫಿ ಕುಡಿಯದೆ ಎದ್ದು ಹೋದರು. ಆ ಕಾಲದಲ್ಲಿ ಸಿಸ್ಟರ್ ಎಂಬ ಹೆಸರು ನಮ್ಮನ್ನು ಕಾಯುತ್ತಿತ್ತು. ಗಂಡಸರ ವಾರ್ಡಿನಲ್ಲಿ ರಾತ್ರಿ ಒಬ್ಬಳೇ ಇರುವಾಗ ಸಿಸ್ಟರ್ ಅಂತ ಕರೆದವನು ಕೈ ಹಿಡಿಯಲು ಅಂಜುತ್ತಿದ್ದ. ಎಲ್ಲರೂ ಅಂಜುತ್ತಿದ್ದರು ಅಂತ ಹೇಳಲಾರೆ. ಆದರೂ ನಾನು ಆ ಹೆಸರನ್ನು ಬಿಟ್ಟುಕೊಡುವುದಿಲ್ಲ.

ಆಜಾದ್ ನಗರ

ಮೇಡಂ, ನಿಮ್ಮ ಮಾತು ಓದಿ ನನ್ನ ಅಕ್ಕ ನೆನಪಾದಳು. ನಾನು ಲ್ಯಾಬ್ ಟೆಕ್ನಿಷಿಯನ್, ಅಕ್ಕ ನರ್ಸ್. ನಮ್ಮ ಮನೆಯಲ್ಲಿ ಮೊದಲು ಒಪ್ಪಲಿಲ್ಲ. ಕೊನೆಗೆ ನಮ್ಮ ಅಜ್ಜ ಒಂದು ಕಥೆ ಹೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಪ್ರವಾದಿಯವರ ಕಾಲದಲ್ಲಿ ಮದೀನಾದಲ್ಲಿ ರುಫೈದಾ ಎಂಬ ಹೆಂಗಸು ಇದ್ದರು, ಅಸ್ಲಮ್ ಕುಲದವರು. 627ರ ಕಂದಕದ ಯುದ್ಧದಲ್ಲಿ ಸಅದ್ ಎಂಬ ನಾಯಕನಿಗೆ ಬಾಣ ತಾಗಿದಾಗ ಅವರನ್ನು ರುಫೈದಾ ಅವರ ಡೇರೆಗೆ ಕಳಿಸಿದರು. ಆ ಡೇರೆ ಇದ್ದದ್ದು ಮಸೀದಿಯ ಆವರಣದಲ್ಲೇ. ಮಸೀದಿಯ ಅಂಗಳದಲ್ಲಿ ಹೆಂಗಸು ಗಾಯ ಕಟ್ಟಬಹುದಾದರೆ ನಮ್ಮ ಹುಡುಗಿ ದಾವಣಗೆರೆ ಆಸ್ಪತ್ರೆಯಲ್ಲಿ ಯಾಕೆ ಕಟ್ಟಬಾರದು ಅಂದರು ಅಜ್ಜ. ಅಕ್ಕನಿಗೆ ಈಗ ಕೆಲಸವಾಗಿದೆ. ಅವಳನ್ನೂ ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಾರೆ, ಅವಳಿಗೆ ಇಷ್ಟ.

ರಾತ್ರಿ ಪಾಳಿ, ದಾವಣಗೆರೆ

ಎಲ್ಲರ ಬರಹ ಓದಿದೆ. ನನ್ನ ಮನಸ್ಸಿನಲ್ಲಿ ಇದ್ದದ್ದು ಈಗ ಸ್ಪಷ್ಟವಾಯಿತು, ಅದನ್ನು ಬರೆಯುತ್ತೇನೆ. ಸ್ವಲ್ಪ ಉದ್ದ ಇದೆ, ಓದಿ.

ಹರಿಹರದ ಸಿಸ್ಟರ್ ಡೀಕನೆಸ್ ಅಂದರಲ್ಲ, ಅದರ ಮುಂದಿನ ಕಥೆ ಜರ್ಮನಿಯಲ್ಲಿದೆ. ರೈನ್ ನದಿಯ ದಂಡೆಯ ಕೈಸರ್ಸ್‌ವರ್ತ್ ಎಂಬ ಸಣ್ಣ ಊರು. ಅಲ್ಲಿ ಥಿಯೋಡೋರ್ ಫ್ಲೀಡ್ನರ್ ಎಂಬ ಪಾದ್ರಿ ಮತ್ತು ಅವರ ಹೆಂಡತಿ ಫ್ರೀಡರಿಕ 1836ರಲ್ಲಿ ಡೀಕನೆಸ್ ಮನೆ ಶುರುಮಾಡಿದರು. ಅವರು ಪ್ರಾಟೆಸ್ಟೆಂಟ್ ಪಂಥದವರು, ಅವರಲ್ಲಿ ಆಗ ಸನ್ಯಾಸಿನಿಯರ ಪದ್ಧತಿ ಇರಲಿಲ್ಲ, ಹಾಗಾಗಿ ಬೈಬಲ್ಲಿನ ಹಳೆಯ ಹೆಸರು ತೆಗೆದರು. ಮದುವೆಯಾಗದ ಹೆಣ್ಣುಮಕ್ಕಳಿಗೆ ನರ್ಸಿಂಗ್ ಕಲಿಸಿದರು. ಆಗ ಸಂಸಾರಸ್ಥ ಹೆಂಗಸರು ತೊಡುತ್ತಿದ್ದ ಬಿಳಿ ಟೋಪಿಯನ್ನು ಇವರಿಗೂ ಕೊಟ್ಟರು, ಬೀದಿಯಲ್ಲಿ ಒಬ್ಬಳೇ ಹೋದರೂ ಜನ ಗೌರವದಿಂದ ನೋಡಲಿ ಅಂತ. ಮೇಟ್ರನ್ ಅಮ್ಮ ಹೇಳಿದ ಕಾವಲು ಅದೇ. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಅಲ್ಲಿಗೆ ಹೋಗಿ ಮೂರು ತಿಂಗಳು ಕಲಿತರು.

ಈ ಡೀಕನೆಸ್‌ಗಳಿಗೆ ಸಂಬಳ ಇರಲಿಲ್ಲ. ಕೈಖರ್ಚಿಗೆ ಅಂತ ಅಷ್ಟಿಷ್ಟು ಕೊಡುತ್ತಿದ್ದರು. ಸಂಬಳದ ಬದಲು ಇದ್ದದ್ದು ‘ತಾಯಿಮನೆ’. ಊಟ, ಬಟ್ಟೆ, ವಸತಿ ಅಲ್ಲಿಯದು. ಕಾಯಿಲೆ ಬಿದ್ದರೆ ಅಲ್ಲಿ ಆರೈಕೆ. ಮುಪ್ಪಾದರೆ ಸಾಯುವತನಕ ಅಲ್ಲೇ ಜಾಗ. ಸನ್ಯಾಸಿನಿಯರ ಸಭೆಗಳಲ್ಲೂ ಹಾಗೇ. ಅವಳು ತನ್ನನ್ನು ಪೂರ್ತಿ ಕೊಡುತ್ತಿದ್ದಳು, ಮನೆ ಅವಳನ್ನು ಪೂರ್ತಿ ನೋಡಿಕೊಳ್ಳುತ್ತಿತ್ತು.

ನಮಗೆ ಬಂದದ್ದು ಅದರ ಅರ್ಧ. ಸಿಸ್ಟರ್ ಎಂಬ ಹೆಸರು ಬಂತು. ಸಿಸ್ಟರ್ ಸಿಟ್ಟಾಗಬಾರದು, ಸಿಸ್ಟರ್‌ಗೆ ಹಸಿವಾಗಬಾರದು, ಸಿಸ್ಟರ್ ದುಡ್ಡಿನ ಮಾತು ಆಡಬಾರದು ಎಂಬ ನಿರೀಕ್ಷೆಯೂ ಬಂತು. ತಾಯಿಮನೆ ಬರಲಿಲ್ಲ. ನನ್ನ ಜೊತೆ ಓದಿದವಳು ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಾಳೆ. ಡಬಲ್ ಡ್ಯೂಟಿ ಮಾಡಿಸಿ ಕೈಗೆ ಕೊಡುವುದು ಬಟ್ಟೆ ಅಂಗಡಿಯ ಹುಡುಗಿಗಿಂತ ಕಡಿಮೆ. ಕೇಳಿದರೆ “ಸೇವೆ ಅಂತ ತಿಳಿದು ಮಾಡಿ ಸಿಸ್ಟರ್” ಅಂತಾರೆ. ಬಸುರಿಯಾದಾಗ ಕೆಲಸ ಹೋಯಿತು. ಗುತ್ತಿಗೆಯ ಮೇಲೆ ಇರುವವರಿಗೆ ಪ್ರತಿ ವರ್ಷ ಮುಂದುವರಿಸುತ್ತಾರೋ ಇಲ್ಲವೋ ಎಂಬ ಭಯ. 2020ರ ಮೇ ತಿಂಗಳಿನಲ್ಲಿ ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂವು ಸುರಿದರು. ಕೋವಿಡ್‌ಗೆ ಅಂತ ತೆಗೆದುಕೊಂಡ ಎಷ್ಟೋ ಜನರನ್ನು ಆಮೇಲೆ ಮನೆಗೆ ಕಳಿಸಿದರು.

ಆ ಹೆಸರಿಗೆ ಚರ್ಚಿನ ಮೂಲ ಇರುವುದು ನನಗೆ ನೋವಲ್ಲ. ಆ ಹೆಸರಿನ ಹಿಂದೆ ಇದ್ದ ಮನೆ ನಮಗೆ ಸಿಗಲಿಲ್ಲ ಅನ್ನುವುದು ನೋವು.

ಬೆಣ್ಣೆದೋಸೆ

ಮೇಡಂ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಎಲ್ಲವನ್ನೂ ಸಂಬಳದ ಲೆಕ್ಕಕ್ಕೆ ತಂದರೆ ಆ ಪ್ರೀತಿ ಉಳಿಯುತ್ತದಾ? ನಮ್ಮ ತಾಯಿಗೆ ಕೊನೆಯ ದಿನಗಳಲ್ಲಿ ಒಬ್ಬ ಸಿಸ್ಟರ್ ತಲೆ ಬಾಚುತ್ತಿದ್ದರು. ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಬೆಣ್ಣೆದೋಸೆಯವರೇ, ಇದಕ್ಕೆ ನಮ್ಮ ನೆಲದಲ್ಲೇ ಉತ್ತರ ಇದೆ. ಕಾಯಕ. ಈ ಮಾತನ್ನು ಈಗ ಬಿಟ್ಟಿ ದುಡಿಮೆಗೆ ಮುಸುಕಾಗಿ ಹೊದಿಸುವವರು ಜಾಸ್ತಿ ಆಗಿದ್ದಾರೆ, ಆದರೆ ಶರಣರ ಕಾಯಕಕ್ಕೆ ಕೂಲಿ ಇತ್ತು. ನುಲಿಯ ಚಂದಯ್ಯ ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ, ಬಂದ ಹಣದಲ್ಲಿ ದಾಸೋಹ ಮಾಡುತ್ತಿದ್ದ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಜಾಸ್ತಿ ಅಕ್ಕಿ ತಂದಾಗ ವಾಪಸ್ ಕಳಿಸಿದಳು, ನಿಜ. ಆದರೆ ತಮಗೆ ಸಲ್ಲಬೇಕಾದ ಅಕ್ಕಿಯನ್ನು ಬಿಡಿ ಅಂತ ಅವಳು ಹೇಳಲಿಲ್ಲ. ಕೊಡುವ ಸ್ವಾತಂತ್ರ್ಯ ದುಡಿದವನದು. ದುಡಿಸಿಕೊಳ್ಳುವವನು “ನೀನು ಸೇವೆ ಮಾಡು, ನಾನು ಉಳಿಸಿಕೊಳ್ಳುತ್ತೇನೆ” ಅಂದರೆ ಅದು ಕಾಯಕವೂ ಅಲ್ಲ, ದಾಸೋಹವೂ ಅಲ್ಲ. ನಿಮ್ಮ ತಾಯಿಯ ತಲೆ ಬಾಚಿದ ಸಿಸ್ಟರ್ ತಾನಾಗಿ ಕೊಟ್ಟದ್ದು ದಾಸೋಹ. ಅವರ ಸಂಬಳ ಸರಿಯಾಗಿ ಬಂದಿದ್ದರೂ ಅವರು ಬಾಚುತ್ತಿದ್ದರು.

ಶರಣರಲ್ಲಿ ವೈದ್ಯ ಸಂಗಣ್ಣ ಇದ್ದ. ಅವನ ಹೆಸರಿನಲ್ಲಿ ವೃತ್ತಿಯೂ ಇದೆ, ಅಣ್ಣನೂ ಇದ್ದಾನೆ.

ಬೆಣ್ಣೆದೋಸೆ

ಮೇಷ್ಟ್ರೇ, ಇದು ಮನಸ್ಸಿಗೆ ನಾಟಿತು.

ಹರಿಹರದ ಸಿಸ್ಟರ್

ರಾತ್ರಿ ಪಾಳಿಯವರು ಹೇಳಿದ್ದನ್ನು ನಾನು ಒಳಗಿನಿಂದ ಒಪ್ಪುತ್ತೇನೆ. ನನಗೆ ಮುಪ್ಪಿನ ಚಿಂತೆ ಇಲ್ಲ, ನನ್ನ ಸಭೆ ಇದೆ. ನನ್ನ ಪಕ್ಕದಲ್ಲಿ ಅದೇ ಕೆಲಸ ಮಾಡುವ ಹುಡುಗಿಗೆ ಆ ಧೈರ್ಯ ಇಲ್ಲ. ಮನೆಗೆ ಹೋಗಿ ಅಡುಗೆ ಮಾಡಬೇಕು, ಮಗುವಿನ ಫೀಸು ಕಟ್ಟಬೇಕು. ನನ್ನನ್ನು ತೋರಿಸಿ ಅವಳಿಗೆ “ನೋಡಿ, ಅವರು ಏನೂ ಕೇಳುವುದಿಲ್ಲ” ಅನ್ನುವುದು ಅನ್ಯಾಯ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಎಲ್ಲ ಜಾತಿ ಧರ್ಮದವರು ಬರುತ್ತಾರೆ. ಬರುವ ನರ್ಸ್‌ಗಳು ತಮ್ಮ ಕಷ್ಟ ಹೇಳಿಕೊಳ್ಳುವಾಗ ಹೆಚ್ಚು ಕೇಳುವುದು ಇದನ್ನೇ, ಕೆಲಸ ಕಾಯಂ ಆಗಲಿ ಅಂತ.

ಬ್ರದರ್, ಜಗಳೂರು

ಬೇರೆ ದೇಶಗಳು ಏನು ಮಾಡಿದವು ನೋಡಿ. ಫ್ರಾನ್ಸಿನಲ್ಲಿ ಸರ್ಕಾರ ಆಸ್ಪತ್ರೆಗಳಿಂದ ಸನ್ಯಾಸಿನಿಯರನ್ನು ಒಂದೊಂದಾಗಿ ಹೊರಗೆ ಕಳಿಸಿತು. 1908ರಲ್ಲಿ ಓತೆಲ್ ದ್ಯೂನಿಂದ ಅಗಸ್ಟಿನಿಯನ್ನರು ಹೊರಟರು. ಅವರ ಜೊತೆ ಸಿಸ್ಟರ್ ಎಂಬ ಮಾತೂ ಹೋಯಿತು, ಈಗ ಅಲ್ಲಿ ನರ್ಸ್ ಬರೀ ‘ಆಂಫಿರ್ಮಿಯೆರ್’. ಜರ್ಮನಿಯಲ್ಲಿ ‘ಕ್ರಾಂಕನ್‌ಶ್ವೆಸ್ಟರ್’, ಅಂದರೆ ರೋಗಿಗಳ ಸಿಸ್ಟರ್ ಎಂಬ ಪದನಾಮ 2004ರವರೆಗೂ ಇತ್ತು. ಆಮೇಲೆ ಕಾನೂನಿನಲ್ಲಿ ಬದಲಾಯಿಸಿದರು. ಅಮೆರಿಕದಲ್ಲಿ ಸಿಸ್ಟರ್ ಅಂದರೆ ಸನ್ಯಾಸಿನಿ ಮಾತ್ರ. ನಮ್ಮ ಕೇಂದ್ರ ಸರ್ಕಾರ 2016ರಲ್ಲಿ ಸ್ಟಾಫ್ ನರ್ಸ್ ಅನ್ನು ನರ್ಸಿಂಗ್ ಆಫೀಸರ್ ಮಾಡಿತು, ನರ್ಸಿಂಗ್ ಸಿಸ್ಟರ್ ಅನ್ನು ಸೀನಿಯರ್ ನರ್ಸಿಂಗ್ ಆಫೀಸರ್ ಮಾಡಿತು. ನನಗೆ ಅದು ಒಳ್ಳೆಯದೇ ಅನ್ನಿಸಿತು. ಗಂಡು ಹೆಣ್ಣು ಭೇದ ಇಲ್ಲ, ಯಾರೂ “ಓ ಬ್ರದರ್, ಸ್ಟ್ರೆಚರ್ ತಳ್ಳು” ಅನ್ನುವ ಹಾಗಿಲ್ಲ.

ಜಿಎನ್‌ಎಂ ಎರಡನೇ ವರ್ಷ

ಆದರೆ ರೋಗಿಗಳು ಆಫೀಸರ್ ಅಂತ ಕರೆಯುತ್ತಾರಾ ಬ್ರದರ್? ನೋವಿನಲ್ಲಿ ಇರುವವರ ಬಾಯಲ್ಲಿ ಅದು ಬರುವುದಿಲ್ಲ.

ಚನ್ನಗಿರಿ 77

ಬರದಿದ್ದರೆ ಬೇಡ. ಕಾಗದದಲ್ಲಿ ಅಧಿಕಾರಿ ಇರಲಿ, ಬಾಯಲ್ಲಿ ಅಕ್ಕ ಅನ್ನಲಿ, ನರ್ಸಮ್ಮ ಅನ್ನಲಿ. ನನಗೆ ಈಗಲೂ ಸಿಸ್ಟರ್‌ಗಿಂತ ಅಕ್ಕ ಹತ್ತಿರ. ಆದರೆ ರಾತ್ರಿ ಪಾಳಿ ಮೇಡಂ ಬರೆದದ್ದು ಓದಿದ ಮೇಲೆ ಒಂದು ಹೇಳುತ್ತೇನೆ, ಹೆಸರಿನ ಜಗಳಕ್ಕಿಂತ ಮೊದಲು ಸಂಬಳದ ಜಗಳ ಆಗಬೇಕು. ಅದಕ್ಕೆ ನಾನೂ ಬರುತ್ತೇನೆ.

ನಿವೃತ್ತ ಮೇಟ್ರನ್

ಅಕ್ಕ ಅಂದರೂ ಅದೇ ತೊಂದರೆ ಇದೆ ಅಪ್ಪಾ. ಅಕ್ಕನಿಗೆ ಯಾರು ಸಂಬಳ ಕೊಡುತ್ತಾರೆ? ಮನೆಯ ಹೆಂಗಸಿನ ಕೆಲಸಕ್ಕೆ ಲೆಕ್ಕ ಇಡದ ಊರಿನಲ್ಲಿ ಅಕ್ಕ, ಅಮ್ಮ, ಸಿಸ್ಟರ್ ಎಲ್ಲ ಒಂದೇ. ನನಗೆ ಹೆಸರು ಹಿತ. ಅದರ ಜೊತೆ ಆರ್ಡರ್ ಕಾಪಿಯಲ್ಲಿ ಪದನಾಮ, ವೇತನ ಶ್ರೇಣಿ, ಪಿಂಚಣಿ ಸರಿಯಾಗಿ ಇರಬೇಕು. ನನ್ನ ಪಿಂಚಣಿ ನನಗೆ ಬರುತ್ತಿದೆ, ನನ್ನ ತಾಯಿಮನೆ ಅದು. ಈಗ ಸೇರುವ ಹುಡುಗಿಯರಿಗೆ ಅದೂ ಇಲ್ಲ.

ಕೋಟೆ ಮೇಷ್ಟ್ರು, ಚಿತ್ರದುರ್ಗ

ಮೇಟ್ರನ್ ಅಮ್ಮನವರೇ, ನಿಮ್ಮ ಹತ್ತಿರ ಹಳೆಯ ನೇಮಕಾತಿ ಆದೇಶ ಇದ್ದರೆ ಅದರಲ್ಲಿ ಪದನಾಮ ಏನಂತ ಅಚ್ಚಾಗಿದೆ ಹೇಳುತ್ತೀರಾ? ಹಳೆಯ ಮೈಸೂರು ಸರ್ಕಾರದ ಕಾಲದ ಕಾಗದಗಳು ಯಾರ ಹತ್ತಿರವಾದರೂ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಎರಡು ಜಿಲ್ಲೆಗಳ ನರ್ಸ್‌ಗಳ ಬಗ್ಗೆ ಯಾರೂ ಕೂಡಿಸಿ ಬರೆದದ್ದು ನಾನು ನೋಡಿಲ್ಲ.

ರಾತ್ರಿ ಪಾಳಿ, ದಾವಣಗೆರೆ

ಮೇಷ್ಟ್ರೇ, ಒಳ್ಳೆಯ ಯೋಚನೆ. ಇಲ್ಲೇ ಶುರುಮಾಡೋಣ. ನಿವೃತ್ತರಾದವರು, ಅವರ ಮಕ್ಕಳು ಬರೆಯಿರಿ. ಸೇರಿದ ವರ್ಷ, ಆರ್ಡರಿನಲ್ಲಿ ಇದ್ದ ಪದನಾಮ, ಮೊದಲ ಸಂಬಳ, ಕ್ವಾರ್ಟರ್ಸ್ ಕೊಟ್ಟಿದ್ದರೋ ಇಲ್ಲವೋ, ಊಟ ಎಲ್ಲಿ, ರೋಗಿಗಳು ಏನಂತ ಕರೆಯುತ್ತಿದ್ದರು, ಇಷ್ಟು ಸಾಕು. ನಿಮ್ಮ ಹೆಸರು, ಆಸ್ಪತ್ರೆಯ ಹೆಸರು ಬೇಡ. ನಾನು ಭಾನುವಾರ ರಜೆ, ಅವತ್ತು ಎಲ್ಲವನ್ನೂ ಒಂದು ಕಡೆ ಸೇರಿಸಿ ಹಾಕುತ್ತೇನೆ.

ನಿವೃತ್ತ ಮೇಟ್ರನ್

ನನ್ನದು ಮೊದಲು ಬರೆದುಕೊಳ್ಳಿ. ಪದನಾಮ ಸ್ಟಾಫ್ ನರ್ಸ್. ಕ್ವಾರ್ಟರ್ಸ್ ಇತ್ತು, ಇಬ್ಬರಿಗೆ ಒಂದು ಕೋಣೆ. ಊಟ ಮೆಸ್ಸಿನಲ್ಲಿ, ಸಂಬಳದಲ್ಲಿ ಹಿಡಿದುಕೊಳ್ಳುತ್ತಿದ್ದರು. ಪಟ್ಟಣದವರು ಸಿಸ್ಟರ್ ಅನ್ನುತ್ತಿದ್ದರು, ಮೊಳಕಾಲ್ಮೂರು, ಚಳ್ಳಕೆರೆ ಕಡೆಯ ಹಳ್ಳಿಯವರು ಅಮ್ಮಾರೆ ಅನ್ನುತ್ತಿದ್ದರು. ಸಂಬಳದ ಚೀಟಿ ಹುಡುಕಿ ನಾಳೆ ಹೇಳುತ್ತೇನೆ.